ಸಹ್ಯಾದ್ರಿಯ ಅಂಗಳದಲ್ಲಿ ಮಾಂಟೆಸ್ಸರಿ

ಕರ್ನಾಟಕದ ಯಾವ ಪಟ್ಟಣದ ಯಾವ ಬಡಾವಣೆಗೆ ಹೋದರೂ ಇಂದು ಮಾಂಟೆಸ್ಸರಿ ಎಂಬ ಹೆಸರಿನ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಬಣ್ಣ ಬಳಿದ ಗೋಡೆ, ಇಂಗ್ಲಿಷ್ ಮಾಧ್ಯಮ, ಟೈ ಕಟ್ಟಿಕೊಂಡ ಮೂರು ವರ್ಷದ ಮಗು, ಮಧ್ಯಮ ವರ್ಗದವರು ಸಾಲ ಮಾಡಿ ಕಟ್ಟುವ ಶುಲ್ಕ, ಇವುಗಳೊಂದಿಗೆ ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, ಈ ಪದ್ಧತಿ ಮೊದಲು ರೂಪುಗೊಂಡದ್ದು ರೋಮ್ ನಗರದ ಕೂಲಿಕಾರರ ಮಕ್ಕಳ ನಡುವೆ ಎಂಬುದೂ, ಭಾರತದಲ್ಲಿ ಅದರ ಅತ್ಯಂತ ಸಾರ್ಥಕವಾದ ಪ್ರಯೋಗ ನಡೆದದ್ದು ಮಹಾರಾಷ್ಟ್ರದ ಆದಿವಾಸಿ ಹಾಡಿಗಳಲ್ಲಿ ಎಂಬುದೂ ಬಹುಪಾಲು ತಂದೆತಾಯಿಗಳಿಗೆ ತಿಳಿಯದೆ ಹೋಗಿದೆ. ಮಾಂಟೆಸ್ಸರಿ ಶಿಕ್ಷಣದಿಂದ ಪುಟ್ಟ ಮಕ್ಕಳಿಗೆ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಆ ಹಾಡಿಗಳವರೆಗೆ ಹೋಗಿ ನೋಡುವುದು ಒಳ್ಳೆಯದು, ಏಕೆಂದರೆ ಈ ಪದ್ಧತಿಯಲ್ಲಿ ತಿರುಳು ಯಾವುದು, ಸಿಪ್ಪೆ ಯಾವುದು ಎಂಬುದು ಅಲ್ಲಿ ನಿಚ್ಚಳವಾಗಿ ಬೇರ್ಪಟ್ಟು ಕಾಣುತ್ತದೆ.

ಮುಂಬಯಿಯಿಂದ ನಾಸಿಕದತ್ತ ಹೊರಟ ರೈಲು ಕಸಾರಾದಲ್ಲಿ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನುಗಳನ್ನು ಕೂಡಿಸಿಕೊಂಡು, ಮೂವತ್ತೇಳು ಅಡಿಗೆ ಒಂದಡಿಯಂತೆ ಏರುವ ಥಳ್ ಘಾಟಿಯನ್ನು ಹತ್ತಿ ತಲುಪುವ ಊರು ಇಗತಪುರಿ. ವಿಪಶ್ಯನ ಧ್ಯಾನಕೇಂದ್ರವಾದ ಧಮ್ಮಗಿರಿಯ ಮೂಲಕ ಕನ್ನಡಿಗರಲ್ಲಿ ಅನೇಕರಿಗೆ ಪರಿಚಿತವಾಗಿರುವ ಈ ರೈಲ್ವೆ ಪಟ್ಟಣದ ಸುತ್ತಲಿನ ಬೆಟ್ಟಗಳಲ್ಲಿ ಮಹಾದೇವ ಕೋಳಿ, ಠಾಕೂರ್, ಕಾತಕರಿ ಸಮುದಾಯಗಳ ಹಳ್ಳಿಗಳಿವೆ. ಮಳೆಗಾಲದಲ್ಲಿ ಭತ್ತವನ್ನೂ, ಅಲ್ಲಿನವರು ನಾಗಲಿ ಎಂದು ಕರೆಯುವ ರಾಗಿಯನ್ನೂ ಬೆಳೆದು, ಕಟಾವು ಮುಗಿದ ಮೇಲೆ ಇಟ್ಟಿಗೆ ಭಟ್ಟಿಗೋ, ನಾಸಿಕದ ದ್ರಾಕ್ಷಿ ತೋಟಕ್ಕೋ ಕೂಲಿಗೆ ಹೊರಡುವ ಇಂಥ ಕುಟುಂಬಗಳ ಮೂರು ವರ್ಷದ ಮಗುವಿಗೆ ಶಾಲಾಪೂರ್ವ ಶಿಕ್ಷಣ ಎಂಬುದು ಏನಾಗಿರಬೇಕು? ಈ ಪ್ರಶ್ನೆಯನ್ನು ಸ್ವಾತಂತ್ರ್ಯ ಬರುವ ಮೊದಲೇ ಕೈಗೆತ್ತಿಕೊಂಡ ಇಬ್ಬರು ಹೆಂಗಸರು ಕೆಲಸ ಮಾಡಿದ್ದು ಇದೇ ಬೆಟ್ಟಸಾಲಿನ ಪಶ್ಚಿಮಕ್ಕೆ, ಇಗತಪುರಿಯಿಂದ ಮೊಖಾಡ, ಜವ್ಹಾರ್ ದಾಟಿ ಸಮುದ್ರದ ಕಡೆ ಇಳಿದರೆ ಸಿಗುವ ಡಹಾಣೂ ತಾಲ್ಲೂಕಿನ ಬೋರ್ಡಿ ಮತ್ತು ಕೋಸಬಾಡ್‌ಗಳಲ್ಲಿ. ಅವರಲ್ಲಿ ಹಿರಿಯರು ತಾರಾಬಾಯಿ ಮೋಡಕ್. ಕಿರಿಯರು ಅನುತಾಯಿ ವಾಘ್. ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರು ಎಲ್ಲಿಂದ ಹೊರಟರು ಎಂಬುದನ್ನು, ಅಂದರೆ ಮಾಂಟೆಸ್ಸರಿ ಪದ್ಧತಿಯನ್ನೇ, ಮೊದಲು ಸ್ವಲ್ಪ ವಿವರವಾಗಿ ಅರಿಯಬೇಕಾಗುತ್ತದೆ.

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲೆ ಎಂಬ ಊರಿನಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಿಕ್ಷಣದ ಬಾಗಿಲು ಇನ್ನೂ ಪೂರ್ತಿ ತೆರೆಯದಿದ್ದ ಕಾಲದಲ್ಲಿ ಹಟ ಹಿಡಿದು ಓದಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದ ಅವರು, ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಚಿಕಿತ್ಸೆಯಲ್ಲಿ ತೊಡಗಿದ್ದಾಗ, ಇಟಾರ್ ಮತ್ತು ಸೆಗ್ಯಾನ್ ಎಂಬ ಇಬ್ಬರು ಫ್ರೆಂಚ್ ವೈದ್ಯರ ಬರಹಗಳ ನೆರವಿನಿಂದ, ಮಗುವಿನ ಬುದ್ಧಿಗೆ ಹೋಗುವ ದಾರಿ ಅದರ ಕೈಬೆರಳು, ಕಣ್ಣು, ಕಿವಿಗಳ ಮೂಲಕ ಸಾಗುತ್ತದೆ ಎಂಬುದನ್ನು ಕಂಡುಕೊಂಡರು. 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ಆರಂಭವಾಯಿತು. ಇದಕ್ಕೆ ಕಾರಣ ಯಾರ ಶಿಕ್ಷಣಪ್ರೇಮವೂ ಆಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದಾಗ ಮಕ್ಕಳು ಹೊಸದಾಗಿ ದುರಸ್ತಿ ಮಾಡಿಸಿದ ವಸತಿಗೃಹಗಳ ಗೋಡೆಗಳನ್ನು ಹಾಳು ಮಾಡುತ್ತಿದ್ದುದರಿಂದ, ಅವರನ್ನು ಒಂದೆಡೆ ಕೂಡಿಹಾಕಲು ಕಟ್ಟಡದ ಒಡೆಯರಿಗೆ ಯಾರಾದರೊಬ್ಬರು ಬೇಕಾಗಿದ್ದರು. ಅಲ್ಲಿ ಮಾಂಟೆಸ್ಸರಿಯವರು ಮಾಡಿದ ಮೊದಲ ಕೆಲಸ ಮಕ್ಕಳನ್ನು ಗಮನಿಸುವುದು. ಬೆಲೆಬಾಳುವ ಗೊಂಬೆಗಳನ್ನು ಬದಿಗಿಟ್ಟು ಪಾತ್ರೆ ತೊಳೆಯುವ, ಗುಂಡಿ ಹಾಕುವ, ಮರದ ತುಂಡುಗಳನ್ನು ಗಾತ್ರದ ಪ್ರಕಾರ ಜೋಡಿಸುವ ಕೆಲಸವನ್ನೇ ಮಕ್ಕಳು ಮತ್ತೆ ಮತ್ತೆ ಆರಿಸಿಕೊಳ್ಳುತ್ತಿದ್ದುದನ್ನು ಅವರು ಕಂಡರು. ಆನಂತರದ ಸಿದ್ಧಾಂತವೆಲ್ಲ ಹೀಗೆ ಕಂಡದ್ದರಿಂದ ಬೆಳೆದದ್ದು.

ಆ ಸಿದ್ಧಾಂತದ ಕೇಂದ್ರದಲ್ಲಿರುವ ಮಾತು ‘ಹೀರಿಕೊಳ್ಳುವ ಮನಸ್ಸು’ ಎಂಬುದು. ಹುಟ್ಟಿನಿಂದ ಆರು ವರ್ಷದವರೆಗೆ ಮಗು ಯಾರ ಪಾಠವೂ ಇಲ್ಲದೆ ಸುತ್ತಲಿನ ಭಾಷೆಯನ್ನು, ನಡವಳಿಕೆಯನ್ನು, ಓರಣವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ ಎಂಬುದೂ, ಈ ಅವಧಿಯಲ್ಲಿ ಒಂದೊಂದು ಸಾಮರ್ಥ್ಯಕ್ಕೆ ಒಂದೊಂದು ಹಸಿವಿನ ಕಾಲ ಇರುತ್ತದೆ ಎಂಬುದೂ ಇದರ ಅರ್ಥ. ಮಾತಿಗೆ ಒಂದು ಕಾಲ, ಸಣ್ಣ ವಸ್ತುಗಳನ್ನು ಹೆಕ್ಕುವುದಕ್ಕೆ ಒಂದು ಕಾಲ, ಎಲ್ಲವೂ ಇದ್ದಲ್ಲೇ ಇರಬೇಕೆಂಬ ಹಟಕ್ಕೆ ಒಂದು ಕಾಲ. ಎರಡು ವರ್ಷದ ಮಗು ತನ್ನ ತಟ್ಟೆಯಲ್ಲಿ ಬೇರೆಯವರು ಉಂಡರೆ ಕಿರುಚಿಕೊಳ್ಳುವುದನ್ನು ಹಿರಿಯರು ರಚ್ಚೆ ಎನ್ನುತ್ತಾರೆ. ಆ ಮಗುವಿನ ಲೋಕದಲ್ಲಿ ಒಂದು ಕಂಬವೇ ಕಿತ್ತುಬಂದಂತಾಗಿರುತ್ತದೆ ಎಂದು ಮಾಂಟೆಸ್ಸರಿ ಪದ್ಧತಿ ತಿಳಿಯುತ್ತದೆ. ಹೀಗಾಗಿ ಶಿಕ್ಷಕಿಯ ಮೊದಲ ಹೊಣೆ ಪಾಠ ಹೇಳುವುದಕ್ಕಿಂತ ‘ಸಿದ್ಧಪಡಿಸಿದ ಪರಿಸರ’ವನ್ನು ಕಟ್ಟುವುದು, ಅಂದರೆ ಮಗುವಿನ ಎತ್ತರದ ಕಪಾಟಿನಲ್ಲಿ, ಮಗುವಿನ ಕೈಗೆ ಹಿಡಿಯುವ ಅಳತೆಯ ಸಾಮಗ್ರಿಗಳನ್ನು, ಪ್ರತಿಯೊಂದಕ್ಕೂ ನಿಶ್ಚಿತವಾದ ಜಾಗ ಗೊತ್ತುಮಾಡಿ ಇಡುವುದು. ಮಗು ತನಗೆ ಬೇಕಾದುದನ್ನು ಆರಿಸಿಕೊಂಡು, ಚಾಪೆ ಹಾಸಿ, ಸಾಕೆನಿಸುವವರೆಗೆ ಅದರಲ್ಲಿ ತೊಡಗಿ, ಮುಗಿದ ಮೇಲೆ ಮತ್ತೆ ಅದರ ಜಾಗದಲ್ಲಿಟ್ಟು ಬರುತ್ತದೆ. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿರುತ್ತಾರೆ, ಮತ್ತು ಬೆಳಗಿನ ಸುಮಾರು ಮೂರು ಗಂಟೆಗಳನ್ನು ಗಂಟೆ ಹೊಡೆದು ತುಂಡರಿಸುವುದಿಲ್ಲ.

ಒಂದು ಸಾಮಗ್ರಿಯನ್ನು ಹತ್ತಿರದಿಂದ ನೋಡಿದರೆ ಈ ವ್ಯವಸ್ಥೆಯ ಜಾಣ್ಮೆ ಅರ್ಥವಾಗುತ್ತದೆ. ಉದ್ದನೆಯ ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳಿದ್ದು, ಪ್ರತಿಯೊಂದರಲ್ಲೂ ಗುಬುಟು ಇರುವ ಒಂದು ಮರದ ಉರುಳೆ ಕೂತಿರುತ್ತದೆ. ಒಂದರಿಂದ ಇನ್ನೊಂದಕ್ಕೆ ದಪ್ಪವೋ ಎತ್ತರವೋ ಕ್ರಮವಾಗಿ ಬದಲಾಗುತ್ತದೆ. ಮಗು ಹತ್ತನ್ನೂ ಹೊರತೆಗೆದು, ಬೆರೆಸಿ, ಮತ್ತೆ ಸೇರಿಸಬೇಕು. ದಪ್ಪ ಉರುಳೆ ಸಣ್ಣ ಕುಳಿಗೆ ಇಳಿಯುವುದಿಲ್ಲ, ಸಣ್ಣದನ್ನು ದೊಡ್ಡ ಕುಳಿಗೆ ಇಳಿಸಿದರೆ ಕೊನೆಯಲ್ಲಿ ಒಂದಕ್ಕೆ ಜಾಗ ಸಿಗುವುದಿಲ್ಲ. ಹೀಗೆ ತಪ್ಪನ್ನು ತೋರಿಸುವ ಕೆಲಸವನ್ನು ಶಿಕ್ಷಕಿಯ ಬದಲು ಆ ಮರದ ತುಂಡೇ ಮಾಡುವುದರಿಂದ, ಮಗು ಅವಮಾನವಿಲ್ಲದೆ ತಪ್ಪು ಮಾಡಿ, ಯಾರ ಮುಖವನ್ನೂ ನೋಡದೆ ತಿದ್ದಿಕೊಳ್ಳುತ್ತದೆ. ಇದರಲ್ಲಿ ಇನ್ನೂ ಒಂದು ಗುಟ್ಟಿದೆ: ಆ ಗುಬುಟನ್ನು ಹಿಡಿಯಲು ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳೇ ಬೇಕು, ಮತ್ತು ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳುಗಳು. ಮಗುವಿಗೆ ಬರವಣಿಗೆಯ ಸುದ್ದಿಯೇ ಇಲ್ಲದಿರುವಾಗ ಅದರ ಕೈ ಬರವಣಿಗೆಗೆ ಅಣಿಯಾಗಿರುತ್ತದೆ.

ಅಕ್ಷರ ಕಲಿಕೆಯ ಕ್ರಮವೂ ಹೀಗೆಯೇ. ಹಲಗೆಯ ಮೇಲೆ ಉಪ್ಪುಕಾಗದದಿಂದ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಮಗು ತನ್ನ ಎರಡು ಬೆರಳುಗಳನ್ನು ಬರೆಯುವ ದಿಕ್ಕಿನಲ್ಲಿಯೇ ಆಡಿಸುತ್ತಾ ಅದರ ಧ್ವನಿಯನ್ನು ಕೇಳಿ ತಾನೂ ಹೇಳುತ್ತದೆ. ಮೊದಲು ‘ಇದು ರ’ ಎಂದು ಪರಿಚಯಿಸುವುದು, ಆಮೇಲೆ ‘ರ ಎಲ್ಲಿದೆ ತೋರಿಸು’ ಎಂದು ಗುರುತಿಸಲು ಹೇಳುವುದು, ಕೊನೆಗಷ್ಟೇ ‘ಇದು ಯಾವುದು’ ಎಂದು ಕೇಳುವುದು, ಈ ಮೂರು ಹಂತದ ಪಾಠ ಸೆಗ್ಯಾನ್ ಅವರಿಂದ ಬಂದದ್ದು. ಎರಡನೆಯ ಹಂತದಲ್ಲಿ ಮಗು ತಡವರಿಸಿದರೆ ಶಿಕ್ಷಕಿ ಮೂರನೆಯದಕ್ಕೆ ಹೋಗದೆ ನಗುಮುಖದಿಂದ ನಿಲ್ಲಿಸಿ, ಇನ್ನೊಂದು ದಿನ ಮತ್ತೆ ಆರಂಭಿಸುತ್ತಾಳೆ. ಕಣ್ಣು, ಬೆರಳು, ಕಿವಿ, ನಾಲಗೆ ನಾಲ್ಕೂ ಒಟ್ಟಿಗೆ ಕೆಲಸ ಮಾಡುವ ಈ ಕ್ರಮ, ಅಕ್ಷರದ ಹೆಸರೂ ಅದರ ಧ್ವನಿಯೂ ಬಹುಮಟ್ಟಿಗೆ ಒಂದೇ ಆಗಿರುವ ಕನ್ನಡ, ಮರಾಠಿಗಳಂಥ ಭಾಷೆಗಳಿಗೆ ಇಂಗ್ಲಿಷಿಗಿಂತ ಹೆಚ್ಚು ಸಲೀಸಾಗಿ ಒಗ್ಗುತ್ತದೆ. ಹೀಗಿದ್ದರೂ ಈ ಪದ್ಧತಿಯ ಹೆಸರು ಹೊತ್ತ ಶಾಲೆಗಳು ಮಗುವಿಗೆ ಮನೆಯಲ್ಲಿ ಕೇಳಿಸದ ಭಾಷೆಯಲ್ಲಿಯೇ ಅಕ್ಷರಾಭ್ಯಾಸ ಮಾಡಿಸುತ್ತಿರುವುದು ದುರದೃಷ್ಟದ ಸಂಗತಿ. ಗಣಿತದಲ್ಲಿಯೂ ಅಷ್ಟೇ: ಒಂದು ಬಿಡಿಮಣಿ, ಹತ್ತು ಮಣಿಗಳ ಸರಳು, ನೂರು ಮಣಿಗಳ ಚೌಕ, ಸಾವಿರ ಮಣಿಗಳ ಘನ, ಇವನ್ನು ಅಂಗೈಯಲ್ಲಿ ತೂಗಿ ನೋಡಿದ ಐದು ವರ್ಷದ ಮಗುವಿಗೆ ಸಾವಿರವೆಂದರೆ ಒಂದರ ಮುಂದೆ ಮೂರು ಸೊನ್ನೆ ಎಂಬ ಬಾಯಿಪಾಠಕ್ಕಿಂತ ಮೊದಲೇ ಅದರ ಭಾರ ಗೊತ್ತಿರುತ್ತದೆ.

ಮಾಂಟೆಸ್ಸರಿಯವರು ಭಾರತಕ್ಕೆ ಬಂದದ್ದು 1939ರ ನವೆಂಬರಿನಲ್ಲಿ, ಮಗ ಮಾರಿಯೊ ಅವರೊಂದಿಗೆ, ಮದ್ರಾಸಿನ ಅಡ್ಯಾರಿನಲ್ಲಿರುವ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇಲೆ. ಕೆಲವು ತಿಂಗಳಿಗಾಗಿ ಬಂದ ಅವರು, 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದು ಬ್ರಿಟಿಷ್ ಸರ್ಕಾರ ಇಟಾಲಿಯನ್ನರನ್ನು ಶತ್ರುದೇಶದವರೆಂದು ಪರಿಗಣಿಸಿದ್ದರಿಂದ, 1946ರವರೆಗೆ ಇಲ್ಲಿಯೇ ಉಳಿಯಬೇಕಾಯಿತು. ಅಡ್ಯಾರ್, ಕೊಡೈಕೆನಾಲ್, ಅಹಮದಾಬಾದ್, ಕರಾಚಿ ಮೊದಲಾದೆಡೆ ಅವರು ನಡೆಸಿದ ತರಬೇತಿಗಳಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ಸಿದ್ಧರಾದರು. ಆದರೆ ಅವರು ಬರುವ ಮೊದಲೇ ಅವರ ವಿಚಾರ ಇಲ್ಲಿಗೆ ಬಂದಾಗಿತ್ತು. ವಕೀಲಿ ವೃತ್ತಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ ಈ ಪದ್ಧತಿಯನ್ನು ಭಾರತೀಯ ಮಕ್ಕಳಿಗೆ ಹೊಂದಿಸತೊಡಗಿದ್ದರು. ಅವರ ‘ದಿವಾಸ್ವಪ್ನ’ ಎಂಬ ಪುಸ್ತಕ ಕನ್ನಡದಲ್ಲಿ ‘ಹಗಲುಗನಸು’ ಆಗಿ ಇಲ್ಲಿನ ಶಿಕ್ಷಕರಿಗೂ ಪರಿಚಿತವಾಗಿದೆ. ಭಾವನಗರಕ್ಕೆ 1923ರಲ್ಲಿ ಬಂದು ಅವರನ್ನು ಸೇರಿದವರು ತಾರಾಬಾಯಿ ಮೋಡಕ್. ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನು ಬಿಟ್ಟು ಬಂದಿದ್ದ ಅವರು, ಗಿಜುಭಾಯಿಯವರೊಂದಿಗೆ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಮುಂದೆ ಮುಂಬಯಿಗೆ ಬಂದು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು.

ದಾದರಿನ ಶಿಶುವಿಹಾರ ಚೆನ್ನಾಗಿ ನಡೆಯುತ್ತಿದ್ದರೂ ತಾರಾಬಾಯಿಯವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಈ ಶಿಕ್ಷಣ ಪಟ್ಟಣದ ಅನುಕೂಲಸ್ಥರಲ್ಲಿಯೇ ನಿಂತುಹೋಗುತ್ತಿತ್ತು. 1931ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸರಿಯವರನ್ನು ಭೇಟಿಯಾಗಿದ್ದ ಗಾಂಧೀಜಿ, ಅವರ ತರಬೇತಿ ಕಾಲೇಜಿನಲ್ಲಿ ಮಾತನಾಡುತ್ತಾ, ಸಿರಿವಂತರ ಮಕ್ಕಳಂತೆ ಕಡುಬಡವರ ಮಕ್ಕಳಿಗೂ ಇಂಥ ಶಿಕ್ಷಣ ದೊರೆಯಲೆಂಬ ಆಸೆಯನ್ನು ವ್ಯಕ್ತಪಡಿಸಿದ್ದರು. ಆ ಆಸೆಯನ್ನು ಕೆಲಸವಾಗಿ ಮಾಡಿ ತೋರಿಸಿದವರು ತಾರಾಬಾಯಿ. ಐವತ್ತು ವರ್ಷ ದಾಟಿದ್ದ ಅವರು 1945ರಲ್ಲಿ ಬೋರ್ಡಿ ಎಂಬ ಕರಾವಳಿಯ ಹಳ್ಳಿಗೆ ಹೋಗಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಅದೇ ವರ್ಷ ಗ್ರಾಮಸೇವಿಕೆಯರ ಶಿಬಿರವೊಂದರಲ್ಲಿ ಅವರಿಗೆ ಜೊತೆಯಾದವರು ಅನುತಾಯಿ ವಾಘ್. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದ, ಆದರೂ ಓದು ಬಿಡದೆ ಶಿಕ್ಷಕಿಯಾದ, ಇಗತಪುರಿ ಇರುವ ಇದೇ ನಾಸಿಕ್ ಜಿಲ್ಲೆಯ ಹಳ್ಳಿಗಾಡಿನಲ್ಲಿಯೂ ಆಮೇಲೆ ಪುಣೆಯಲ್ಲಿಯೂ ಪಾಠ ಹೇಳಿದ ಅನುತಾಯಿ, ತಮ್ಮ ಉಳಿದ ಬದುಕನ್ನೆಲ್ಲ, ಎಂದರೆ 1992ರವರೆಗಿನ ನಲವತ್ತೇಳು ವರ್ಷಗಳನ್ನು, ಈ ಕೆಲಸಕ್ಕೇ ಕೊಟ್ಟರು.

ಬೋರ್ಡಿಯಲ್ಲಿ ಅವರು ಎದುರಿಸಿದ ಮೊದಲ ಸಮಸ್ಯೆ ಪಠ್ಯಕ್ಕಾಗಲಿ ಸಾಮಗ್ರಿಗಾಗಲಿ ಸಂಬಂಧಿಸಿದ್ದಲ್ಲ. ಬಾಲವಾಡಿ ತೆರೆದರೂ ದಲಿತರ ಕೇರಿಯ ಮತ್ತು ಆದಿವಾಸಿಗಳ ಮಕ್ಕಳು ಅಲ್ಲಿಗೆ ಬರುತ್ತಿರಲಿಲ್ಲ; ತಾಯಿ ಕೆಲಸಕ್ಕೆ ಹೋದರೆ ಕರೆತರುವವರಿಲ್ಲ, ಬಂದರೂ ಮೇಲ್ಜಾತಿಯ ಮಕ್ಕಳ ನಡುವೆ ಕೂರುವ ಧೈರ್ಯವಿಲ್ಲ. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕೆಂದು ತಾರಾಬಾಯಿ ನಿಶ್ಚಯಿಸಿದರು. ಶಿಕ್ಷಕಿ ಒಂದು ಚೀಲ ಹೊತ್ತು ಕೇರಿಗೆ ಹೋಗಿ, ಯಾರದಾದರೊಂದು ಗುಡಿಸಲ ಮುಂದಿನ ಅಂಗಳವನ್ನೇ ಶಾಲೆಯಾಗಿ ಮಾಡಿಕೊಳ್ಳುತ್ತಿದ್ದಳು. ಮರಾಠಿಯಲ್ಲಿ ಇದನ್ನು ಅಂಗಣವಾಡಿ ಎಂದು ಕರೆದರು.

ಅಲ್ಲಿನ ಒಂದು ಬೆಳಗು ಹೇಗಿರುತ್ತಿತ್ತೆಂಬುದನ್ನು ತಿಳಿದರೆ ಮಾಂಟೆಸ್ಸರಿ ತತ್ತ್ವ ಯಾವ ರೂಪ ತಾಳಿತ್ತೆಂಬುದು ಸ್ಪಷ್ಟವಾಗುತ್ತದೆ. ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಮಕ್ಕಳನ್ನು ಕೂಡಿಸುವುದು, ಕೈಕಾಲು ಮುಖ ತೊಳೆಸುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು, ಇವು ಪಾಠಕ್ಕೆ ಮೊದಲಿನ ಚಾಕರಿಯಾಗಿರದೆ ಸ್ವತಃ ಪಾಠವೇ ಆಗಿದ್ದವು, ಏಕೆಂದರೆ ಮಾಂಟೆಸ್ಸರಿ ಪದ್ಧತಿಯ ಮೊದಲ ವಿಭಾಗವಾದ ‘ನಿತ್ಯಜೀವನದ ಚಟುವಟಿಕೆಗಳು’ ಎಂಬುದು ಇದೇ: ಮಗು ತನ್ನ ದೇಹವನ್ನೂ ಪರಿಸರವನ್ನೂ ತಾನೇ ನೋಡಿಕೊಳ್ಳಲು ಕಲಿಯುವುದು. ಅನಂತರ ಅಂಗಳ ಗುಡಿಸುವುದು, ನೀರು ಚಿಮುಕಿಸುವುದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದಂತೆ ನೀರು ಸುರಿಯುವುದು. ಆಮದು ಮಾಡಿದ ಉರುಳೆ, ಗೋಪುರವಾಗಿ ಪೇರಿಸುವ ಮರದ ಘನ, ಮಣಿಗಳ ಜಾಗದಲ್ಲಿ ಬೆಣಚುಕಲ್ಲು, ಕಪ್ಪೆಚಿಪ್ಪು, ಬೀಜ, ಎಲೆ, ಹೂವು, ಕಡ್ಡಿ, ಬಿದಿರು, ಜೇಡಿಮಣ್ಣು ಬಂದವು. ಬೀಜಗಳನ್ನು ಗಾತ್ರ, ಬಣ್ಣ, ನುಣುಪುಗಳ ಪ್ರಕಾರ ವಿಂಗಡಿಸುವ ಮಗು ಮಾಡುತ್ತಿದ್ದುದು ರೋಮಿನ ಮಗು ಮರದ ತುಂಡುಗಳೊಂದಿಗೆ ಮಾಡಿದ ಅದೇ ಕೆಲಸ. ವ್ಯತ್ಯಾಸವನ್ನು ಗುರುತಿಸಿ, ಹೋಲಿಸಿ, ಕ್ರಮವಾಗಿಡುವುದು. ನೆಲದ ಮೇಲೆ ಬೆರಳಿನಿಂದ ಗೀರಿದ ಗೆರೆ ಉಪ್ಪುಕಾಗದದ ಅಕ್ಷರದ ಕೆಲಸವನ್ನು ಮಾಡುತ್ತಿತ್ತು. ಜೊತೆಗೆ ಆ ಜನರ ಹಾಡು, ಕುಣಿತ, ಕಥೆಗಳೂ ಸೇರಿಕೊಂಡವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಾಂಟೆಸ್ಸರಿಯವರು ಆರು ವರ್ಷದೊಳಗಿನ ಮಕ್ಕಳಿಗೆ ಕಲ್ಪನೆಯ ಕಥೆ ಹೇಳುವುದರ ಬಗ್ಗೆ ಅಷ್ಟೇನೂ ಒಲವು ತೋರಿದವರಲ್ಲ. ವಾಸ್ತವ ಜಗತ್ತನ್ನೇ ಇನ್ನೂ ಪೂರ್ತಿ ಅರಿಯದ ಮಗುವಿಗೆ ರಾಕ್ಷಸ, ಯಕ್ಷಿಯರ ಗೊಂದಲ ಬೇಡವೆಂಬುದು ಅವರ ನಿಲುವಾಗಿತ್ತು. ಗಿಜುಭಾಯಿ ಮತ್ತು ತಾರಾಬಾಯಿ ಇದನ್ನು ಒಪ್ಪದೆ ಕಥೆ, ಶಿಶುಗೀತೆ, ನಾಟಕಗಳನ್ನು ಬಾಲಮಂದಿರದ ನಡುಮನೆಗೇ ತಂದರು. ಅವರು ಮಾಡಿದ್ದೇ ಸರಿ. ಅಜ್ಜಿಯ ಕಥೆ ಕೇಳುತ್ತಲೇ ಭಾಷೆಯನ್ನು ಪಡೆಯುವ ಈ ನಾಡಿನ ಮಗುವಿನಿಂದ ಕಥೆಯನ್ನು ಕಸಿದುಕೊಂಡರೆ ಅದರ ಕಲಿಕೆಯ ಅರ್ಧ ಬೇರನ್ನೇ ಕತ್ತರಿಸಿದಂತಾಗುತ್ತಿತ್ತು. ಒಬ್ಬ ಚಿಂತಕಿಯ ಪದ್ಧತಿಯನ್ನು ಗೌರವಿಸುವುದೆಂದರೆ ಅದರ ಪ್ರತಿಯೊಂದು ನಿಯಮವನ್ನೂ ಪಾಲಿಸುವುದು ಎಂದು ಅವರು ತಿಳಿಯಲಿಲ್ಲ. ಮಗುವನ್ನು ಗಮನಿಸಿ ಅದರಂತೆ ನಡೆ ಎಂಬ ಮೂಲ ಪಾಠವನ್ನು ಅವರು ಗುರುವಿನ ನಿಯಮಗಳಿಗೂ ಅನ್ವಯಿಸಿದರು.

1950ರ ದಶಕದ ಕೊನೆಯ ಭಾಗಕ್ಕೆ ಸಂಸ್ಥೆ ಬೋರ್ಡಿಯಿಂದ ಕೋಸಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ಪಾಡಾಗಳ, ಎಂದರೆ ಹಾಡಿಗಳ, ನಡುವೆ ಬಂದು ನೆಲೆಸಿತು. ಅಲ್ಲಿ ಆರು ವರ್ಷ ದಾಟಿದ ಮಕ್ಕಳು ದನ ಕಾಯಲು ಹೋಗುತ್ತಿದ್ದುದರಿಂದ ಶಿಕ್ಷಕರು ಅವರ ಹಿಂದೆಯೇ ಹುಲ್ಲುಗಾವಲಿಗೆ ಹೋಗಿ ಪಾಠ ಮಾಡುವ ‘ಕುರಣಶಾಳೆ’ ಹುಟ್ಟಿಕೊಂಡಿತು. ಹಗಲೆಲ್ಲ ದುಡಿಯುವವರಿಗೆ ರಾತ್ರಿಶಾಲೆ ಬಂತು. ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಬೆಸೆದ ‘ವಿಕಾಸವಾಡಿ’ ರೂಪುಗೊಂಡಿತು. ಹಸುಗೂಸಾದ ತನ್ನ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಇರಬೇಕಾದ ಏಳು ವರ್ಷದ ಹುಡುಗಿ ಶಾಲೆಗೆ ಬರಬೇಕಾದರೆ ಆ ಕೂಸಿಗೂ ಅಲ್ಲಿ ಜಾಗವಿರಬೇಕೆಂಬ ಸರಳ ತಿಳಿವಳಿಕೆಯೇ ಇದರ ಹಿಂದಿತ್ತು. ಭಾರತ ಸರ್ಕಾರ ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣವನ್ನೂ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀಯನ್ನೂ ನೀಡಿತು. ಅದಕ್ಕಿಂತ ದೊಡ್ಡ ಮನ್ನಣೆ ಬೇರೊಂದು ಬಗೆಯಲ್ಲಿ ಬಂತು: 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೆ ಬಂದ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಆ ಯೋಜನೆ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಈ ಪದ್ಧತಿಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ. ಸಂಶೋಧಕರು ಅಳೆದು ನೋಡಿದ್ದಾರೆ. ಇಲ್ಲಿ ಒಂದು ತೊಡಕಿದೆ: ಮಾಂಟೆಸ್ಸರಿ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಸಾಮಾನ್ಯವಾಗಿ ಹೆಚ್ಚು ಓದಿದವರೂ ಅನುಕೂಲಸ್ಥರೂ ಆಗಿರುವುದರಿಂದ, ಮಕ್ಕಳು ಮುಂದಿದ್ದರೆ ಅದು ಶಾಲೆಯ ಫಲವೋ ಮನೆಯ ಫಲವೋ ಹೇಳಲಾಗದು. ಇದನ್ನು ನಿವಾರಿಸಲು ಅಮೆರಿಕದ ಮನೋವಿಜ್ಞಾನಿ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು, ಸರ್ಕಾರಿ ಮಾಂಟೆಸ್ಸರಿ ಶಾಲೆಗಳಲ್ಲಿ ಸೀಟಿಗಾಗಿ ನಡೆಯುವ ಲಾಟರಿಯನ್ನೇ ಬಳಸಿಕೊಂಡರು; ಅರ್ಜಿ ಹಾಕಿದವರಲ್ಲಿ ಚೀಟಿ ಬಂದ ಮಕ್ಕಳನ್ನು ಚೀಟಿ ಬಾರದ ಮಕ್ಕಳೊಂದಿಗೆ ಹೋಲಿಸಿದರೆ ಮನೆಯ ಹಿನ್ನೆಲೆಯ ವ್ಯತ್ಯಾಸ ಅಳಿಸಿಹೋಗುತ್ತದೆ. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಮಿಲ್ವಾಕಿ ನಗರದ ಅಧ್ಯಯನ ಈ ಬಗೆಯದು. 2017ರಲ್ಲಿ ಹಾರ್ಟ್‌ಫರ್ಡ್ ನಗರದ 141 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮಾಂಟೆಸ್ಸರಿ ತರಗತಿಯಲ್ಲಿದ್ದ ಬಡ ಮಕ್ಕಳಿಗೂ ಅನುಕೂಲಸ್ಥ ಮಕ್ಕಳಿಗೂ ನಡುವಿನ ಕಲಿಕೆಯ ಅಂತರ ಕಿರಿದಾಗುತ್ತ ಬಂದದ್ದು ಕಂಡುಬಂತು. 2025ರಲ್ಲಿ ಪ್ರಕಟವಾದ, 24 ಸರ್ಕಾರಿ ಮಾಂಟೆಸ್ಸರಿ ಶಾಲೆಗಳಿಗೆ ಅರ್ಜಿ ಹಾಕಿದ್ದ 588 ಮಕ್ಕಳ ಅಧ್ಯಯನ ಇವೆಲ್ಲಕ್ಕಿಂತ ವಿಸ್ತಾರವಾದುದು. ಶಾಲಾಪೂರ್ವ ಹಂತದ ಕೊನೆಗೆ ಓದುವಿಕೆಯಲ್ಲಿ, ಅಲ್ಪಾವಧಿಯ ನೆನಪಿನಲ್ಲಿ, ಇತರರ ಮನಸ್ಸನ್ನು ಅರಿಯುವುದರಲ್ಲಿ, ಹಾಗೂ ‘ಕಾರ್ಯನಿರ್ವಾಹಕ ಸಾಮರ್ಥ್ಯ’ದಲ್ಲಿ, ಎಂದರೆ ಮನಸ್ಸಿನ ಚಾಂಚಲ್ಯವನ್ನು ತಡೆದು, ಹಿಡಿದ ಕೆಲಸವನ್ನು ನೆನಪಿಟ್ಟುಕೊಂಡು, ಅಗತ್ಯ ಬಿದ್ದಾಗ ದಾರಿ ಬದಲಿಸಿ ಮುಗಿಸುವ ಶಕ್ತಿಯಲ್ಲಿ, ಮಾಂಟೆಸ್ಸರಿ ಮಕ್ಕಳು ಮುಂದಿದ್ದರು.

ಈ ಕೊನೆಯ ಅಧ್ಯಯನದಲ್ಲಿ ಭಾರತದಂಥ ದೇಶ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮೂರು ವರ್ಷಗಳ ಅವಧಿಯಲ್ಲಿ ಮಾಂಟೆಸ್ಸರಿ ತರಗತಿಗೆ ತಗಲಿದ ಖರ್ಚು ಸಾಂಪ್ರದಾಯಿಕ ತರಗತಿಗಿಂತ ಪ್ರತಿ ಮಗುವಿಗೆ ಸುಮಾರು 13 ಸಾವಿರ ಡಾಲರ್ ಕಡಿಮೆಯಾಗಿತ್ತು. ದುಬಾರಿಯೆಂದು ಹೆಸರಾದ ಪದ್ಧತಿ ಅಗ್ಗವಾದದ್ದರ ಮುಖ್ಯ ಕಾರಣ ಬೆರೆತ ವಯಸ್ಸಿನ ತರಗತಿ: ಐದು ವರ್ಷದ ಮಗು ಮೂರು ವರ್ಷದ ಮಗುವಿಗೆ ತೋರಿಸಿಕೊಡುತ್ತದೆ, ಹಾಗೆ ತೋರಿಸುವಾಗ ತನ್ನ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಮತ್ತು ಮಕ್ಕಳು ಪ್ರತಿಯೊಂದಕ್ಕೂ ಶಿಕ್ಷಕಿಯನ್ನೇ ಕಾಯದಿರುವುದರಿಂದ ಒಬ್ಬಳು ಶಿಕ್ಷಕಿ ಹೆಚ್ಚು ಮಕ್ಕಳನ್ನು ನೋಡಿಕೊಳ್ಳಬಲ್ಲಳು. ನಮ್ಮ ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಮೊದಲಿನಿಂದಲೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕೊರತೆಯೆಂದು ಎಣಿಸಲಾಗುವ ಈ ಸಂಗತಿ ಸರಿಯಾದ ತರಬೇತಿ ಸಿಕ್ಕ ಕಾರ್ಯಕರ್ತೆಯ ಕೈಯಲ್ಲಿ ದೊಡ್ಡ ಬಂಡವಾಳವಾಗಬಲ್ಲದು.

ಎಲ್ಲ ಅಧ್ಯಯನಗಳೂ ಒಂದೇ ರಾಗ ಹಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ಸರ್ಕಾರಿ ಶಾಲೆಯೊಂದರ ಬಡ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಟೆಸ್ಸರಿ ಮಕ್ಕಳು ಓದುವುದರಲ್ಲಿ ಮಾತ್ರ ಮುಂದಿದ್ದು, ಗಣಿತದಲ್ಲಿ, ಆತ್ಮನಿಯಂತ್ರಣದಲ್ಲಿ, ಸಾಮಾಜಿಕ ಕೌಶಲದಲ್ಲಿ ಇತರರಿಗೆ ಸಮನಾಗಿದ್ದರು. ಲಿಲ್ಲಾರ್ಡ್ ಅವರದೇ 2012ರ ಅಧ್ಯಯನ ತೋರಿಸುವಂತೆ, ಮೂಲ ಸಾಮಗ್ರಿಗಳ ಜೊತೆಗೆ ಅಭ್ಯಾಸ ಹಾಳೆಗಳನ್ನೂ ಇತರ ಆಟಿಕೆಗಳನ್ನೂ ಬೆರೆಸಿದ ತರಗತಿಗಳಲ್ಲಿ ಮಕ್ಕಳ ಪ್ರಗತಿ ಶುದ್ಧ ಮಾಂಟೆಸ್ಸರಿ ತರಗತಿಗಳಷ್ಟು ಇರಲಿಲ್ಲ. ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಫಲಕದ ಮೇಲೆ ಬರೆಸಬಹುದಾದ್ದರಿಂದ, ಕಪಾಟಿನಲ್ಲಿ ಬೀಗ ಹಾಕಿ ಗುಲಾಬಿ ಗೋಪುರದಂಥ ಮಾಂಟೆಸ್ಸರಿ ಸಾಮಗ್ರಿಯನ್ನಿಟ್ಟು ಬೆಂಚಿನ ಮೇಲೆ ಮಕ್ಕಳಿಂದ ನಾಲ್ಕು ಪುಟ ಎ, ಬಿ, ಸಿ ಬರೆಸುವ ಶಾಲೆಯಿಂದ ಈ ಪ್ರಯೋಜನಗಳನ್ನು ನಿರೀಕ್ಷಿಸುವಂತಿಲ್ಲ.

ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ, ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಬೆರೆತ ವಯಸ್ಸಿನ ಗುಂಪು, ಪ್ರತಿ ಮಗುವಿನ ಸ್ವಂತ ವೇಗ, ಕೈಯಿಂದ ಮಾಡುವ ಚಟುವಟಿಕೆ ಮೂರೂ ಇದ್ದವು. ಅದು ಮಾಂಟೆಸ್ಸರಿಯ ನೇರ ಸಂತಾನವಲ್ಲದಿದ್ದರೂ ಹತ್ತಿರದ ನೆಂಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ, ಆಟ ಮತ್ತು ಚಟುವಟಿಕೆಯ ಮೂಲಕ, ಸಾಧ್ಯವಿದ್ದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. 2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಅಂಗನವಾಡಿಗಳಲ್ಲಿ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ಆರಂಭಿಸಿತು. ಖಾಸಗಿ ಶಾಲೆಯ ಕಡೆ ಹೊರಟ ಬಡ ತಂದೆತಾಯಿಗಳನ್ನು ತಡೆದು ನಿಲ್ಲಿಸುವ ಉದ್ದೇಶ ಒಳ್ಳೆಯದೇ. ಆದರೆ ಸಮವಸ್ತ್ರ, ಪುಸ್ತಕದ ಚೀಲ, ಇಂಗ್ಲಿಷ್ ಪ್ರಾಸಪದ್ಯ ಇವಷ್ಟೇ ಬಂದು, ಮಗು ತಾನೇ ಆರಿಸಿಕೊಂಡು ಕೆಲಸ ಮಾಡುವ ಬೆಳಗಿನ ಹೊತ್ತು ಬರದೆ ಹೋದರೆ ಹೆಸರಿನಲ್ಲಷ್ಟೇ ಮಾಂಟೆಸ್ಸರಿ ಉಳಿಯುತ್ತದೆ. ಪೌಷ್ಟಿಕ ಆಹಾರ, ಲಸಿಕೆ, ಗರ್ಭಿಣಿಯರ ನೋಂದಣಿ, ಹತ್ತಾರು ಸಮೀಕ್ಷೆಗಳ ಹೊರೆ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಗೆ ಮಕ್ಕಳ ಜೊತೆ ಕೂರಲು ಬಿಡುವೇ ಸಿಗದಿರುವುದು ಇಂದಿನ ಅತಿ ದೊಡ್ಡ ಅಡ್ಡಿ. ಸಾಮಗ್ರಿಯ ಕೊರತೆ ಅದರ ಮುಂದೆ ಏನೂ ಅಲ್ಲ, ಅದನ್ನು ಕೋಸಬಾಡಿನ ಬೆಣಚುಕಲ್ಲುಗಳು ಎಂದೋ ತೋರಿಸಿಕೊಟ್ಟಿವೆ.

ಮಗುವಿಗೆ ಶಾಲೆ ಹುಡುಕುತ್ತಿರುವ ತಂದೆತಾಯಿಗಳು ಶುಲ್ಕದ ಪಟ್ಟಿಯನ್ನೂ ಕಟ್ಟಡವನ್ನೂ ನೋಡುವ ಮೊದಲು ಅರ್ಧ ಗಂಟೆ ತರಗತಿಯ ಮೂಲೆಯಲ್ಲಿ ಕೂತು ನೋಡಲು ಅನುಮತಿ ಕೇಳಬೇಕು. ಮಕ್ಕಳು ತಾವೇ ಸಾಮಗ್ರಿಯನ್ನು ತೆಗೆದುಕೊಂಡು ತಾವೇ ಹಿಂದಿಡುತ್ತಿದ್ದಾರೆಯೇ, ಬೇರೆ ಬೇರೆ ವಯಸ್ಸಿನವರು ಒಟ್ಟಿಗಿದ್ದಾರೆಯೇ, ಶಿಕ್ಷಕಿಯ ದನಿ ಎಷ್ಟು ಬಾರಿ ಏರುತ್ತದೆ, ಮಗುವಿನ ಮನೆಮಾತಿಗೆ ಅಲ್ಲಿ ಮರ್ಯಾದೆ ಇದೆಯೇ ಎಂಬುದನ್ನು ನೋಡಿದರೆ ಸಾಕು. ಅನುಮತಿ ಕೊಡದ ಶಾಲೆಯನ್ನು ಕೈಬಿಡಬಹುದು. ಇದೇ ಪ್ರಶ್ನೆಗಳನ್ನು ಊರಿನ ಅಂಗನವಾಡಿಯಲ್ಲಿಯೂ ಕೇಳಬೇಕು, ಮತ್ತು ಅಲ್ಲಿನ ಕಾರ್ಯಕರ್ತೆಗೆ ಬೆಳಗಿನ ಮೂರು ಗಂಟೆಗಳನ್ನು ಮಕ್ಕಳಿಗಾಗಿಯೇ ಬಿಟ್ಟುಕೊಡುವಂತೆ ಗ್ರಾಮಸಭೆಯಲ್ಲಿ ಎದ್ದುನಿಂತು ಇಲಾಖೆಯನ್ನು ಒತ್ತಾಯಿಸಬೇಕು.